ಪುಸ್ತಕದ ಅಂಚಿನಿಂದ ಜಾಲಪುಟದ ಅಂಚಿಗೆ

ಮಕ್ಕಳೇ, ನಿಮ್ಮ ಶಾಲೆಯ ಗ್ರಂಥಾಲಯದಿಂದ ಒಂದು ಹಳೆಯ ಪುಸ್ತಕ ತೆಗೆದು ನೋಡಿ. ಪುಟದ ಅಂಚಿನಲ್ಲಿ ಯಾರೋ ಪೆನ್ಸಿಲಿನಿಂದ ಏನೋ ಬರೆದಿರುತ್ತಾರೆ. ಒಂದು ಕಡೆ ಸಾಲಿನ ಕೆಳಗೆ ಗೆರೆ. ಇನ್ನೊಂದು ಕಡೆ ಪ್ರಶ್ನೆ ಚಿಹ್ನೆ. ಮತ್ತೊಂದು ಕಡೆ ಕಷ್ಟದ ಪದಕ್ಕೆ ಅರ್ಥ. ಬರೆದವರು ಯಾರು, ಅವರು ಈಗ ಎಲ್ಲಿದ್ದಾರೆ ಎಂಬುದು ನಿಮಗೆ ಗೊತ್ತಿಲ್ಲ. ಆದರೂ ಆ ಪುಟ ಓದುವಾಗ ಅವರೂ ನಿಮ್ಮ ಪಕ್ಕದಲ್ಲಿ ಕುಳಿತು ಓದುತ್ತಿರುವಂತೆ ಅನ್ನಿಸುತ್ತದೆ, ಅಲ್ಲವೇ?

ದಾವಣಗೆರೆಯ ವಿದ್ಯಾನಗರದ ಒಂದು ಶಾಲೆಯಲ್ಲಿ ಇಂಥದೇ ಒಂದು ಪುಸ್ತಕ ಇದೆ ಎಂದುಕೊಳ್ಳೋಣ. ಅದರಲ್ಲಿ "ಹರಪನಹಳ್ಳಿಯು ದಾವಣಗೆರೆ ಜಿಲ್ಲೆಯ ಒಂದು ತಾಲ್ಲೂಕು" ಎಂಬ ವಾಕ್ಯವಿದೆ. ಯಾರೋ ಒಬ್ಬರು 'ದಾವಣಗೆರೆ' ಎಂಬ ಪದವನ್ನು ನೀಲಿ ಶಾಯಿಯಿಂದ ಹೊಡೆದುಹಾಕಿ, "ತಪ್ಪು. ಬಳ್ಳಾರಿ" ಎಂದು ಬರೆದಿದ್ದಾರೆ. ಆಮೇಲೆ ಓದಿದ ಇನ್ನೊಬ್ಬರು ಅದನ್ನೂ ಹೊಡೆದುಹಾಕಿ, "ಇದೂ ತಪ್ಪು. ವಿಜಯನಗರ" ಎಂದು ಬರೆದಿದ್ದಾರೆ. ಈಗ ಆ ಪುಸ್ತಕ ನಿಮ್ಮ ಕೈಗೆ ಬಂದಿದೆ. ನಾಳೆ ಪರೀಕ್ಷೆ. ಮೂರರಲ್ಲಿ ಯಾವುದನ್ನು ನಂಬುತ್ತೀರಿ?

ಇದಕ್ಕೆ ಉತ್ತರವನ್ನು ಕೊನೆಯಲ್ಲಿ ನೋಡೋಣ. ಅದಕ್ಕೂ ಮುನ್ನ, ಓದುವವರು ಬರೆಯುವ ಇಂಥ ಟಿಪ್ಪಣಿಗಳನ್ನು ಎಲ್ಲರೂ ಹಂಚಿಕೊಂಡು ಕಲಿಯುವುದು ಹೇಗೆ ಎಂದು ತಿಳಿಯೋಣ. ಕಾಗದದ ಪುಸ್ತಕದಲ್ಲಿ ಆಗದ ಕೆಲವು ಕೆಲಸಗಳು ಕಂಪ್ಯೂಟರಿನ ಜಾಲಪುಟದಲ್ಲಿ ಆಗುತ್ತವೆ. ಅಲ್ಲಿಯೂ ಎಚ್ಚರ ತಪ್ಪಿದರೆ ಇದೇ ಗೊಂದಲ ಉಂಟಾಗುತ್ತದೆ.

ಅಂಚಿನಲ್ಲಿ ಉಳಿದ ಒಂದು ಮಾತು

ಓದುತ್ತಾ ಓದುತ್ತಾ ಪಕ್ಕದಲ್ಲಿ ಬರೆದುಕೊಳ್ಳುವ ಮಾತನ್ನು ಟಿಪ್ಪಣಿ ಎನ್ನುತ್ತೇವೆ. ಪುಟದ ಕೆಳಗೆ ಇದ್ದರೆ ಅಡಿಟಿಪ್ಪಣಿ. ಅಂಚಿನಲ್ಲಿ ಇದ್ದರೆ ಅಂಚಿನ ಟಿಪ್ಪಣಿ. ಗಣಿತದ ಚರಿತ್ರೆಯಲ್ಲಿ ಇಂಥ ಒಂದು ಅಂಚಿನ ಟಿಪ್ಪಣಿ ಬಹಳ ಪ್ರಸಿದ್ಧವಾಗಿದೆ.

ಸುಮಾರು 1637ರಲ್ಲಿ ಫ್ರಾನ್ಸ್ ದೇಶದ ಪಿಯರ್ ದ ಫರ್ಮಾ ಎಂಬ ಗಣಿತಜ್ಞ ಒಂದು ಹಳೆಯ ಗಣಿತ ಗ್ರಂಥವನ್ನು ಓದುತ್ತಿದ್ದ. 3ರ ವರ್ಗ 9, 4ರ ವರ್ಗ 16. ಎರಡನ್ನೂ ಕೂಡಿದರೆ 25. ಅದು 5ರ ವರ್ಗ. ಹೀಗೆ ಎರಡು ವರ್ಗಗಳನ್ನು ಕೂಡಿದಾಗ ಇನ್ನೊಂದು ವರ್ಗ ಬರುವ ಸಂಖ್ಯೆಗಳು ಎಷ್ಟೋ ಇವೆ. ಆದರೆ ವರ್ಗದ ಬದಲು ಘನವನ್ನೋ ಅದಕ್ಕಿಂತ ದೊಡ್ಡ ಘಾತವನ್ನೋ ತೆಗೆದುಕೊಂಡರೆ ಅಂಥ ಪೂರ್ಣಸಂಖ್ಯೆಗಳು ಒಂದೂ ಸಿಗುವುದಿಲ್ಲ ಎಂದು ಫರ್ಮಾ ಅಂಚಿನಲ್ಲಿ ಬರೆದ. ಅದಕ್ಕೆ ಸಾಧನೆ ತನಗೆ ಗೊತ್ತಿದೆ, ಆದರೆ ಈ ಅಂಚಿನಲ್ಲಿ ಜಾಗ ಸಾಲದು ಎಂದೂ ಸೇರಿಸಿದ.

ಆ ಪುಸ್ತಕ ಅವನ ಮನೆಯಲ್ಲೇ ಇತ್ತು. ಅವನು 1665ರಲ್ಲಿ ತೀರಿಕೊಂಡ. ಆಮೇಲೆ ಅವನ ಮಗ 1670ರಲ್ಲಿ ಆ ಗ್ರಂಥವನ್ನು ತಂದೆಯ ಟಿಪ್ಪಣಿಗಳೊಂದಿಗೆ ಅಚ್ಚು ಹಾಕಿಸಿದ. ಆಗಷ್ಟೇ ಆ ಮಾತು ಎಲ್ಲರ ಮಾತಾಯಿತು. ಮುನ್ನೂರು ವರ್ಷಗಳಿಗೂ ಹೆಚ್ಚು ಕಾಲ ಎಷ್ಟೋ ಗಣಿತಜ್ಞರು ಅದರ ಬೆನ್ನು ಹತ್ತಿದರು. ಕೊನೆಗೆ ಇಂಗ್ಲೆಂಡಿನ ಆಂಡ್ರ್ಯೂ ವೈಲ್ಸ್ ಅದನ್ನು ಸಾಧಿಸಿ 1995ರಲ್ಲಿ ಪ್ರಕಟಿಸಿದರು.

ಮಗ ಅಚ್ಚು ಹಾಕಿಸದೇ ಇದ್ದಿದ್ದರೆ? ಆ ಟಿಪ್ಪಣಿ ಪುಸ್ತಕದ ಜೊತೆಗೇ ಹುಳು ತಿಂದು ಹೋಗುತ್ತಿತ್ತೋ ಏನೋ. ಒಬ್ಬರ ಅಂಚಿನಲ್ಲಿ ಉಳಿದ ಮಾತು ಒಬ್ಬರಿಗೇ ಉಪಯೋಗ. ಹಂಚಿಕೊಂಡ ಮಾತು ಎಲ್ಲರಿಗೂ ಉಪಯೋಗ.

ಟಿಪ್ಪಣಿ ಮೂಲದೊಳಗೆ ಸೇರಿಹೋದರೆ?

ಅಚ್ಚುಯಂತ್ರ ಬರುವ ಮೊದಲು ನಮ್ಮ ನಾಡಿನಲ್ಲಿ ಗ್ರಂಥಗಳನ್ನು ತಾಳೆಗರಿಯ ಮೇಲೆ ಕಂಠದಿಂದ ಬರೆಯುತ್ತಿದ್ದರು. ಕಂಠ ಎಂದರೆ ಚೂಪಾದ ಕಬ್ಬಿಣದ ಕಡ್ಡಿ. ಒಂದು ಪ್ರತಿಯನ್ನು ನೋಡಿ ಇನ್ನೊಂದು ಪ್ರತಿ ಮಾಡಿಕೊಳ್ಳಬೇಕಿತ್ತು. ಮೊದಲ ಓದುಗ ಅಂಚಿನಲ್ಲಿ ಒಂದು ವಿವರಣೆ ಬರೆದಿದ್ದರೆ, ಅದನ್ನು ನೋಡಿ ಪ್ರತಿ ಮಾಡುವವನು ಕೆಲವೊಮ್ಮೆ ಆ ವಿವರಣೆಯನ್ನೂ ಮೂಲದ ಸಾಲೆಂದು ತಿಳಿದು ಒಳಗೆ ಸೇರಿಸಿಬಿಡುತ್ತಿದ್ದ. ನೂರಾರು ವರ್ಷಗಳ ನಂತರ ಓದುವವರಿಗೆ ಯಾವುದು ಕವಿಯ ಮಾತು, ಯಾವುದು ಓದುಗನ ಮಾತು ಎಂದು ತಿಳಿಯುವುದು ಕಷ್ಟವಾಗುತ್ತಿತ್ತು. ಹೀಗೆ ಆಮೇಲೆ ಸೇರಿಕೊಂಡ ಭಾಗವನ್ನು ವಿದ್ವಾಂಸರು 'ಪ್ರಕ್ಷಿಪ್ತ' ಎಂದು ಕರೆಯುತ್ತಾರೆ. ಹಳೆಗನ್ನಡ ಕಾವ್ಯಗಳನ್ನು ಸಂಪಾದಿಸುವವರು ಹಲವು ಪ್ರತಿಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸುತ್ತಾರೆ. ಬೇರೆ ಪ್ರತಿಯಲ್ಲಿ ಪದ ಬೇರೆ ಇದ್ದರೆ ಅದನ್ನು ಪುಟದ ಕೆಳಗೆ 'ಪಾಠಾಂತರ' ಎಂದು ತೋರಿಸುತ್ತಾರೆ.

ಇದರಿಂದ ನಾವು ಕಲಿಯುವ ಮೊದಲ ಪಾಠ ಇದು: ಟಿಪ್ಪಣಿ ಎಷ್ಟೇ ಒಳ್ಳೆಯದಿರಲಿ, ಅದು ಮೂಲದೊಳಗೆ ಬೆರೆಯಬಾರದು. ಮೂಲ ಇದ್ದಂತೆಯೇ ಇರಬೇಕು, ಟಿಪ್ಪಣಿ ಪಕ್ಕದಲ್ಲಿರಬೇಕು.

ಹರಿಹರದ ಕಲ್ಲು ಕಲಿಸುವ ಪಾಠ

ಹಾಗಾದರೆ ಮೂಲವನ್ನು ಮುಟ್ಟದೆ ಟಿಪ್ಪಣಿ ಬರೆಯುವುದು ಹೇಗೆ? ಇದಕ್ಕೆ ಒಳ್ಳೆಯ ಉದಾಹರಣೆ ನಮ್ಮ ಹತ್ತಿರದ ಹರಿಹರದಲ್ಲೇ ಇದೆ.

ತುಂಗಭದ್ರಾ ನದಿಯ ದಡದ ಹರಿಹರೇಶ್ವರ ದೇವಾಲಯವನ್ನು ನೀವು ನೋಡಿರಬಹುದು. ಹೊಯ್ಸಳ ಅರಸರ ಕಾಲದಲ್ಲಿ, 1224ರಲ್ಲಿ, ಪೋಲಾಳ್ವ ಎಂಬ ದಂಡನಾಯಕ ಕಟ್ಟಿಸಿದ ದೇವಾಲಯ ಅದು. ಅಲ್ಲಿ ಹಲವು ಶಿಲಾಶಾಸನಗಳಿವೆ. ಸುಮಾರು 120 ವರ್ಷಗಳ ಹಿಂದೆ ಬಿ. ಎಲ್. ರೈಸ್ ಎಂಬ ವಿದ್ವಾಂಸರು ಮೈಸೂರು ಸಂಸ್ಥಾನದ ಶಾಸನಗಳನ್ನೆಲ್ಲ ಓದಿಸಿ 'ಎಪಿಗ್ರಾಫಿಯ ಕರ್ನಾಟಿಕ' ಎಂಬ ಸಂಪುಟಗಳಲ್ಲಿ ಪ್ರಕಟಿಸಿದರು. ರೈಸ್ ಹುಟ್ಟಿದ್ದು ಬೆಂಗಳೂರಿನಲ್ಲೇ. ಈ ಸಂಪುಟಗಳಲ್ಲಿ ಹರಿಹರದ ಶಾಸನಗಳೂ ಇವೆ.

ಶಾಸನ ಓದುವವರು ಕಲ್ಲಿನ ಮೇಲೆ ಏನನ್ನೂ ಬರೆಯುವುದಿಲ್ಲ. ಕಲ್ಲನ್ನು ತೊಳೆದು, ಅದರ ಮೇಲೆ ಒದ್ದೆ ಕಾಗದ ಅಂಟಿಸಿ, ಬ್ರಷ್‌ನಿಂದ ಮೆಲ್ಲಗೆ ತಟ್ಟುತ್ತಾರೆ. ಕಾಗದವು ಅಕ್ಷರದ ತಗ್ಗಿನೊಳಗೆ ಕೂರುತ್ತದೆ. ಮೇಲೆ ಮಸಿ ಒತ್ತಿದಾಗ ಉಬ್ಬಿದ ಭಾಗ ಕಪ್ಪಾಗಿ, ಅಕ್ಷರ ಮಾತ್ರ ಬೆಳ್ಳಗೆ ಕಾಣುತ್ತದೆ. ಇದಕ್ಕೆ ಪಡಿಯಚ್ಚು ಎಂದು ಹೆಸರು. ಆಮೇಲೆ ಓದುವುದು, ಅರ್ಥ ಬರೆಯುವುದು, ಅನುಮಾನ ಗುರುತಿಸುವುದು ಎಲ್ಲವೂ ಕಾಗದದ ಮೇಲೆಯೇ. ಕಲ್ಲು ಇದ್ದಂತೆಯೇ ಇರುತ್ತದೆ.

ಇನ್ನೊಂದು ಜಾಣತನವನ್ನೂ ಗಮನಿಸಿ. ಆ ಸಂಪುಟಗಳಲ್ಲಿ ಪ್ರತಿ ಶಾಸನಕ್ಕೂ ತಾಲ್ಲೂಕಿನ ಹೆಸರು ಮತ್ತು ಒಂದು ಸಂಖ್ಯೆ ಇದೆ. ಹರಿಹರ ಆಗ ದಾವಣಗೆರೆ ತಾಲ್ಲೂಕಿಗೆ ಸೇರಿತ್ತು. ಆದ್ದರಿಂದ ಅಲ್ಲಿನ ಶಾಸನ ದಾವಣಗೆರೆ ಎಂಬ ಹೆಸರಿನ ಕೆಳಗೆ ಸಿಗುತ್ತದೆ. ಮೈಸೂರಿನಲ್ಲೋ ಲಂಡನ್ನಿನಲ್ಲೋ ಕುಳಿತ ಒಬ್ಬ ವಿದ್ವಾಂಸರು "ದಾವಣಗೆರೆ ತಾಲ್ಲೂಕು, ಇಂತಿಷ್ಟನೆಯ ಶಾಸನ, ಇಂತಿಷ್ಟನೆಯ ಸಾಲು, ಈ ಪದವನ್ನು ಹೀಗೆ ಓದಬೇಕು" ಎಂದು ಬರೆದರೆ ಸಾಕು. ಇನ್ನೊಬ್ಬರು ಅದೇ ಸಾಲನ್ನು ಹುಡುಕಿ ನೋಡಿ, ಸರಿ ಅಥವಾ ತಪ್ಪು ಎಂದು ಹೇಳಬಹುದು.

ಇದು ಎರಡನೆಯ ಪಾಠ. ಟಿಪ್ಪಣಿಗೆ ಒಂದು ವಿಳಾಸ ಬೇಕು. ವಿಳಾಸ ಸರಿಯಾಗಿದ್ದರೆ ಟಿಪ್ಪಣಿ ಎಲ್ಲಿದ್ದರೂ ಅದು ತನ್ನ ಮೂಲವನ್ನು ತಲುಪುತ್ತದೆ.

ಜಾಲಪುಟಕ್ಕೆ ಟಿಪ್ಪಣಿ ಅಂಟುವುದು ಹೇಗೆ?

ಈಗ ಅಂತರಜಾಲಕ್ಕೆ ಬರೋಣ. ಕಂಪ್ಯೂಟರಿನಲ್ಲಿ ಅಥವಾ ಮೊಬೈಲಿನಲ್ಲಿ ನಾವು ನೋಡುವ ಜಾಲಪುಟ ಬೇರೆ ಎಲ್ಲೋ ಇರುವ ಕಂಪ್ಯೂಟರಿನಿಂದ ಬಂದದ್ದು. ನಾವು ಅದನ್ನು ಓದಬಹುದು, ಆದರೆ ಸಾಮಾನ್ಯವಾಗಿ ಅದರ ಮೇಲೆ ಬರೆಯಲಾಗದು. ಹಾಗಿದ್ದರೂ ಪುಸ್ತಕದಂತೆ ಜಾಲಪುಟಕ್ಕೂ ಅಂಚು ಬೇಕು ಎಂಬ ಆಸೆ ಮೊದಲಿನಿಂದಲೂ ಇತ್ತು. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ತಯಾರಾಗಿ 1993ರಲ್ಲಿ ಬಂದ ಮೊಸಾಯಿಕ್ ಎಂಬ ಜಾಲವೀಕ್ಷಕದಲ್ಲೇ ಪುಟಗಳಿಗೆ ಟಿಪ್ಪಣಿ ಬರೆದುಕೊಳ್ಳುವ ಸೌಲಭ್ಯವಿತ್ತು. ಗುಂಪಾಗಿ ಟಿಪ್ಪಣಿ ಹಂಚಿಕೊಳ್ಳುವ ಪ್ರಯತ್ನವೂ ಆಗ ನಡೆಯಿತು, ಆದರೆ ಅದು ಮುಂದುವರಿಯಲಿಲ್ಲ. 2011ರಲ್ಲಿ ಹೈಪಾಥಿಸಿಸ್ ಎಂಬ ಲಾಭದ ಉದ್ದೇಶವಿಲ್ಲದ ಸಂಸ್ಥೆ ಇದೇ ಕೆಲಸಕ್ಕಾಗಿ ಹುಟ್ಟಿತು. 2017ರಲ್ಲಿ ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಮ್ ಎಂಬ ಅಂತರರಾಷ್ಟ್ರೀಯ ಸಂಸ್ಥೆ ಜಾಲಪುಟದ ಟಿಪ್ಪಣಿಗಳನ್ನು ಯಾವ ರೀತಿಯಲ್ಲಿ ಬರೆದಿಡಬೇಕು ಎಂಬುದಕ್ಕೆ ಎಲ್ಲರೂ ಒಪ್ಪುವ ನಿಯಮಗಳನ್ನು ಪ್ರಕಟಿಸಿತು.

ಕೆಲಸ ನಡೆಯುವುದು ಹೀಗೆ. ಒಂದು ಪುಟದ ಮೇಲೆ ಪಾರದರ್ಶಕ ಹಾಳೆ ಇಟ್ಟಿದ್ದೀರಿ ಎಂದುಕೊಳ್ಳಿ. ಹಾಳೆಯ ಮೇಲೆ ಗೆರೆ ಎಳೆಯುತ್ತೀರಿ, ಪ್ರಶ್ನೆ ಬರೆಯುತ್ತೀರಿ. ಹಾಳೆ ತೆಗೆದರೆ ಕೆಳಗಿನ ಪುಟ ಇದ್ದಂತೆಯೇ ಇದೆ. ಜಾಲಪುಟ ಒಂದು ಕಂಪ್ಯೂಟರಿನಲ್ಲಿ ಇರುತ್ತದೆ, ಟಿಪ್ಪಣಿಗಳು ಇನ್ನೊಂದು ಕಂಪ್ಯೂಟರಿನಲ್ಲಿ ಇರುತ್ತವೆ. ಓದುವವರು ಪುಟ ತೆರೆದಾಗ ಎರಡೂ ಒಂದರ ಮೇಲೊಂದು ಕೂಡಿ ಕಾಣುತ್ತವೆ.

ಆದರೆ ಟಿಪ್ಪಣಿ ಯಾವ ಪದಕ್ಕೆ ಸೇರಿದ್ದು ಎಂದು ಯಂತ್ರಕ್ಕೆ ತಿಳಿಯುವುದು ಹೇಗೆ? ಅದಕ್ಕಾಗಿ ಟಿಪ್ಪಣಿಯ ಜೊತೆ ಮೂರು ಸಂಗತಿಗಳನ್ನು ಬರೆದಿಡುತ್ತಾರೆ. ಒಂದು, ಜಾಲಪುಟದ ವಿಳಾಸ. ಎರಡು, ನೀವು ಗುರುತು ಮಾಡಿದ ಪದಗಳು. ಮೂರು, ಆ ಪದಗಳ ಹಿಂದೆ ಮತ್ತು ಮುಂದೆ ಇರುವ ಕೆಲವು ಅಕ್ಷರಗಳು. ಹಿಂದೆ ಮುಂದೆ ಇರುವುದು ಏಕೆ ಬೇಕು? ಒಂದು ಪುಟದಲ್ಲಿ 'ನೀರು' ಎಂಬ ಪದ ಇಪ್ಪತ್ತು ಸಲ ಬರಬಹುದು. "ಅಕ್ಕಿಯೊಳಗಿನ" ಎಂಬುದರ ಮುಂದಿನ ನೀರೋ, "ಕೆರೆಯ" ಎಂಬುದರ ಮುಂದಿನ ನೀರೋ ಎಂದು ಯಂತ್ರಕ್ಕೆ ತಿಳಿಯಬೇಕಲ್ಲವೇ? ನಿಮ್ಮ ತರಗತಿಯಲ್ಲಿ ಒಂದೇ ಹೆಸರಿನ ಇಬ್ಬರಿದ್ದರೆ ಅಕ್ಕಪಕ್ಕ ಯಾರು ಕೂರುತ್ತಾರೆ ಎಂದು ಹೇಳಿ ಗುರುತಿಸುವ ಹಾಗೆ ಇದು.

ಟಿಪ್ಪಣಿ ತಬ್ಬಲಿ ಆಗುವುದು

ಪುಟ ಬರೆದವರು ಆ ವಾಕ್ಯವನ್ನೇ ತೆಗೆದುಹಾಕಿದರೆ ಏನಾಗುತ್ತದೆ? ಯಂತ್ರ ಹುಡುಕುತ್ತದೆ, ಪದ ಸಿಗುವುದಿಲ್ಲ. ಆಗ ಟಿಪ್ಪಣಿ ಅಂಟಲು ಜಾಗವಿಲ್ಲದೆ ಉಳಿಯುತ್ತದೆ. ಇಂಥದ್ದನ್ನು ತಬ್ಬಲಿ ಟಿಪ್ಪಣಿ ಎನ್ನಬಹುದು.

ಕನ್ನಡದಲ್ಲಿ ಇನ್ನೂ ಕೆಲವು ತೊಡಕುಗಳಿವೆ. ಪುಟವೊಂದರ ಫೋಟೋ ತೆಗೆದು ಅಂತರಜಾಲಕ್ಕೆ ಹಾಕಿದ್ದರೆ ನಮ್ಮ ಕಣ್ಣಿಗೆ ಅಕ್ಷರ ಕಾಣುತ್ತದೆ. ಯಂತ್ರಕ್ಕೆ ಅದು ಬರೀ ಚಿತ್ರ, ಅದರಲ್ಲಿ ಪದ ಹುಡುಕುವುದು ಅದಕ್ಕೆ ಸುಲಭವಲ್ಲ. ಹಿಂದೆ ಎಷ್ಟೋ ಕನ್ನಡ ಪುಟಗಳನ್ನು ಬೇರೆ ಬೇರೆ ಫಾಂಟುಗಳಲ್ಲಿ ಸಿದ್ಧಪಡಿಸುತ್ತಿದ್ದರು. ಪರದೆಯ ಮೇಲೆ ಕನ್ನಡ ಅಕ್ಷರ ಕಂಡರೂ ಒಳಗೆ ಇದ್ದದ್ದು ಇಂಗ್ಲಿಷ್ ಅಕ್ಷರಗಳ ಸಂಕೇತ. ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ಅದು ಅರ್ಥವಿಲ್ಲದ ಗೀಚಾಗಿ ಕಾಣುತ್ತಿತ್ತು. ಯೂನಿಕೋಡ್ ಬಂದ ಮೇಲೆ ಕನ್ನಡದ ಪ್ರತಿ ಅಕ್ಷರಕ್ಕೂ ತನ್ನದೇ ಆದ ಸಂಕೇತ ಸಿಕ್ಕಿತು.

ಆದರೂ ಒಂದು ಸ್ವಾರಸ್ಯ ಉಳಿದಿದೆ. 'ಕೋ' ಎಂಬ ಅಕ್ಷರ ನೋಡಿ. ಇದರಲ್ಲಿ 'ಕ' ಜೊತೆಗೆ ಓ ಸ್ವರದ ಚಿಹ್ನೆ ಇದೆ. ಆ ಚಿಹ್ನೆಯನ್ನು ಕಂಪ್ಯೂಟರಿನಲ್ಲಿ ಒಂದೇ ಸಂಕೇತವಾಗಿ ಇಡಬಹುದು. ಏತ್ವ, ಕೊಂಬಿನ ಇಳಿ, ದೀರ್ಘ ಎಂದು ಮೂರು ತುಂಡುಗಳಾಗಿಯೂ ಇಡಬಹುದು. ನಮ್ಮ ಕಣ್ಣಿಗೆ ಎರಡೂ ಒಂದೇ. ಎಚ್ಚರವಿಲ್ಲದ ಯಂತ್ರಕ್ಕೆ ಎರಡೂ ಬೇರೆ ಬೇರೆ. ಆದ್ದರಿಂದ ಹುಡುಕುವ ಮೊದಲು ಎಲ್ಲವನ್ನೂ ಒಂದೇ ರೂಪಕ್ಕೆ ತಂದುಕೊಳ್ಳುವಂತೆ ಯಂತ್ರಕ್ಕೆ ಕಲಿಸಬೇಕಾಗುತ್ತದೆ.

ಮಂಡಕ್ಕಿಯ ಪಾಠ

ಇಷ್ಟೆಲ್ಲ ಕಷ್ಟಪಟ್ಟು ಟಿಪ್ಪಣಿ ಹಂಚಿಕೊಂಡರೆ ಕಲಿಯುವವರಿಗೆ ಏನು ಲಾಭ? ಒಂದು ಉದಾಹರಣೆ ನೋಡೋಣ.

ಶಾಖದ ಬಗ್ಗೆ ಒಂದು ಪಾಠ ಜಾಲಪುಟದಲ್ಲಿದೆ ಎಂದುಕೊಳ್ಳಿ. ಅದರಲ್ಲಿ ಹೀಗೆ ಒಂದು ವಾಕ್ಯ: "ಕಾದ ಮರಳಿಗೆ ಹಾಕಿದಾಗ ಅಕ್ಕಿಯೊಳಗಿನ ನೀರು ಆವಿಯಾಗಿ ಅಕ್ಕಿ ಉಬ್ಬುತ್ತದೆ." ವಿದ್ಯಾನಗರದ ಒಬ್ಬ ಹುಡುಗಿ ಇದನ್ನು ಓದಿ 'ಮರಳಿಗೆ' ಎಂಬ ಪದವನ್ನು ಗುರುತು ಮಾಡುತ್ತಾಳೆ. "ಮರಳು ಯಾಕೆ ಬೇಕು? ಬರೀ ಬಾಣಲೆಯಲ್ಲಿ ಹುರಿದರೆ ಆಗಲ್ವಾ?" ಎಂದು ಬರೆಯುತ್ತಾಳೆ. ಪುಸ್ತಕದಲ್ಲಿ ಬರೆದಿದ್ದರೆ ಆ ಪ್ರಶ್ನೆ ಅಲ್ಲೇ ಉಳಿಯುತ್ತಿತ್ತು. ಇಲ್ಲಿ ಅದೇ ಪಾಠ ಓದುವ ಎಲ್ಲರಿಗೂ ಅದು ಕಾಣುತ್ತದೆ.

ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಬಗ್ಗೆ ನಿಮಗೆ ಗೊತ್ತೇ ಇದೆ. ಭಟ್ಟಿಯ ಹತ್ತಿರ ಮನೆಯಿರುವ ಒಬ್ಬ ಹುಡುಗ ತರಗತಿಯಲ್ಲಿ ಕೈ ಎತ್ತಿ ಮಾತಾಡುವವನಲ್ಲ. ಅವನು ಆ ಪ್ರಶ್ನೆಯ ಕೆಳಗೆ ಬರೆಯುತ್ತಾನೆ: "ನಮ್ಮಪ್ಪ ಭಟ್ಟಿ ಕೆಲಸ ಮಾಡ್ತಾರೆ. ಬಾಣಲೆಗೆ ತಾಗಿದ ಕಡೆ ಮಾತ್ರ ಅಕ್ಕಿ ಸೀದುಹೋಗುತ್ತೆ. ಮರಳಲ್ಲಾದರೆ ಸುತ್ತಲೂ ಒಂದೇ ಸಮ ಕಾಯುತ್ತೆ. ಆಮೇಲೆ ಜರಡಿ ಹಿಡಿದರೆ ಮರಳು ಕೆಳಗೆ ಬೀಳುತ್ತೆ." ಪಾಠ ಬರೆದವರಿಗೆ ಹೊಳೆಯದ ಮಾತನ್ನು ಭಟ್ಟಿಯ ಬಳಿ ಬೆಳೆದ ಹುಡುಗ ಹೇಳಿದ. ಅವನಿಗೆ ಗೊತ್ತಿದ್ದದ್ದು ಎಲ್ಲರಿಗೂ ಗೊತ್ತಾಯಿತು.

ಹರಿಹರದ ಇನ್ನೊಬ್ಬ ವಿದ್ಯಾರ್ಥಿ 'ನೀರು' ಎಂಬ ಪದಕ್ಕೆ ಹೀಗೆ ಬರೆಯುತ್ತಾನೆ: "ತಪ್ಪು. ಅಕ್ಕಿ ಒಣಗಿರುತ್ತೆ, ಅದರಲ್ಲಿ ನೀರು ಎಲ್ಲಿದೆ? ಒಳಗಿನ ಗಾಳಿ ಹಿಗ್ಗಿ ಉಬ್ಬುತ್ತೆ." ಓದಲು ಸರಿಯೆನಿಸುತ್ತದೆ. ಹತ್ತು ಜನ ಅದಕ್ಕೆ ಹೌದು ಹೌದು ಎಂದೂ ಬರೆಯಬಹುದು. ಆದರೆ ಹೌದು ಎಂದವರ ಸಂಖ್ಯೆಯಿಂದ ವಿಜ್ಞಾನದ ಮಾತು ನಿಜವಾಗುವುದಿಲ್ಲ. ಪರೀಕ್ಷಿಸುವುದು ಹೇಗೆ? ಅಕ್ಕಿಯನ್ನು ತೂಗಿ, ಅದೇ ಅಕ್ಕಿಯಿಂದ ಆದ ಮಂಡಕ್ಕಿಯನ್ನೂ ತೂಗಿದರೆ ಮಂಡಕ್ಕಿಯ ತೂಕ ಕಡಿಮೆ ಇರುತ್ತದೆ. ಹೋದದ್ದು ಏನು? ಆವಿಯಾದ ನೀರು. ಒಣಗಿದಂತೆ ಕಾಣುವ ಅಕ್ಕಿಯಲ್ಲೂ ಸ್ವಲ್ಪ ನೀರಿನಂಶ ಇರುತ್ತದೆ. ನೀರು ಕುದಿದು ಆವಿಯಾದಾಗ ಅದು ಸುಮಾರು 1,600 ಪಟ್ಟಿಗೂ ಹೆಚ್ಚು ಜಾಗ ಬೇಡುತ್ತದೆ. ಆ ಒತ್ತಡಕ್ಕೆ ಮೆತ್ತಗಾದ ಅಕ್ಕಿ ಉಬ್ಬುತ್ತದೆ. ಅತಿಯಾಗಿ ಒಣಗಿದ ಅಕ್ಕಿ ಚೆನ್ನಾಗಿ ಉಬ್ಬುವುದಿಲ್ಲ ಎಂಬುದೂ ಇದಕ್ಕೆ ಹೊಂದುತ್ತದೆ.

ಹಾಗೆಂದು ಆ ವಿದ್ಯಾರ್ಥಿಯ ಟಿಪ್ಪಣಿಯನ್ನು ಅಳಿಸಬೇಕೇ? ಬೇಡ. ಅವನ ಅನುಮಾನ ಇನ್ನೂ ಎಷ್ಟೋ ಮಕ್ಕಳಿಗೆ ಇರುತ್ತದೆ. ಅನುಮಾನ, ಅದರ ಕೆಳಗೆ ಪರೀಕ್ಷೆ, ಅದರ ಕೆಳಗೆ ಉತ್ತರ, ಮೂರೂ ಅಲ್ಲೇ ಇದ್ದರೆ ಮುಂದೆ ಓದುವವರು ಆ ದಾರಿಯಲ್ಲೇ ನಡೆದು ತಿಳಿಯಬಹುದು. ಗುರುಗಳಿಗೂ ಒಂದು ಅನುಕೂಲವಿದೆ. ಒಂದೇ ವಾಕ್ಯದ ಪಕ್ಕ ಹದಿನೈದು ಪ್ರಶ್ನೆಗಳಿದ್ದರೆ ಮಕ್ಕಳಿಗೆ ಎಲ್ಲಿ ಅರ್ಥವಾಗಿಲ್ಲ ಎಂದು ಅವರಿಗೆ ತಕ್ಷಣ ತಿಳಿಯುತ್ತದೆ. ನಾಳೆಯ ಪಾಠವನ್ನು ಅಲ್ಲಿಂದಲೇ ಆರಂಭಿಸಬಹುದು.

ಕನ್ನಡದಲ್ಲಿ ಇಂಥ ಪುಟಗಳು

ಓದುಗರೇ ಕೂಡಿ ತಿದ್ದಿ ಬೆಳೆಸುವ ಪುಟಗಳು ಕನ್ನಡದಲ್ಲೂ ಇವೆ. ಕನ್ನಡ ವಿಕಿಪೀಡಿಯ 2003ರಲ್ಲಿ ಆರಂಭವಾಯಿತು. ಅದರ ಪ್ರತಿ ಲೇಖನದ ಮೇಲೆ 'ಚರ್ಚೆ' ಎಂಬ ಇನ್ನೊಂದು ಪುಟ ಇರುತ್ತದೆ. ಲೇಖನದಲ್ಲಿ ಅನುಮಾನವಿದ್ದರೆ ಅಲ್ಲಿ ಬರೆಯಬಹುದು. ಯಾವ ಮಾತಿಗೆ ಆಧಾರ ಕೊಟ್ಟಿಲ್ಲವೋ ಅದರ ಪಕ್ಕದಲ್ಲಿ ಆಧಾರ ಬೇಕು ಎಂಬ ಗುರುತು ಹಾಕುತ್ತಾರೆ. ಯಾರು, ಯಾವ ದಿನ, ಏನು ಬದಲಿಸಿದರು ಎಂಬ ಇತಿಹಾಸವೂ ಉಳಿಯುತ್ತದೆ.

ನಮ್ಮ ರಾಜ್ಯದ ಸರ್ಕಾರಿ ಶಾಲೆಗಳ ಶಿಕ್ಷಕರು ಸೇರಿ ಬೆಳೆಸಿದ 'ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು' ಎಂಬ ಜಾಲತಾಣವೂ ಇದೇ ಬಗೆಯದು. ಒಬ್ಬ ಶಿಕ್ಷಕರು ಬರೆದ ಪಾಠಕ್ಕೆ ಇನ್ನೊಂದು ಜಿಲ್ಲೆಯ ಶಿಕ್ಷಕರು ಹೊಸ ಚಟುವಟಿಕೆ ಸೇರಿಸಬಹುದು. ಆದರೆ ಇಲ್ಲಿ ಓದುಗರು ಪುಟವನ್ನೇ ಬದಲಿಸುತ್ತಾರೆ. ಅಂಚಿನ ಟಿಪ್ಪಣಿಯಲ್ಲಿ ಪುಟ ಬದಲಾಗುವುದಿಲ್ಲ. ಎರಡಕ್ಕೂ ಇರುವ ಈ ವ್ಯತ್ಯಾಸವನ್ನು ನೆನಪಿಡಿ.

ಒಳ್ಳೆಯ ಟಿಪ್ಪಣಿ ಹೇಗಿರಬೇಕು?

1. ಮೂಲವನ್ನು ಹೊಡೆದುಹಾಕಬಾರದು. ಪಕ್ಕದಲ್ಲಿ ಬರೆಯಬೇಕು.

2. ಯಾವ ಪುಟ, ಯಾವ ಸಾಲು, ಯಾವ ಪದ ಎಂದು ಸ್ಪಷ್ಟವಾಗಿರಬೇಕು.

3. ಬರೆದ ದಿನಾಂಕ ಇರಬೇಕು.

4. ಹೇಳಿದ ಮಾತಿಗೆ ಆಧಾರ ಇರಬೇಕು. "ನಾನು ತೂಗಿ ನೋಡಿದೆ", "ಇಂಥ ಪುಸ್ತಕದಲ್ಲಿದೆ", "ನಮ್ಮಪ್ಪ ಮಾಡುವುದನ್ನು ನೋಡಿದ್ದೇನೆ" ಎಂಬುದೂ ಆಧಾರವೇ. ಗೊತ್ತಿಲ್ಲದಿದ್ದರೆ ಪ್ರಶ್ನೆಯಾಗಿಯೇ ಬರೆಯಿರಿ. ಪ್ರಶ್ನೆ ಬರೆಯುವುದು ಅವಮಾನವಲ್ಲ.

5. ಮಾತಿನ ಬಗ್ಗೆ ಬರೆಯಿರಿ, ಬರೆದವರ ಬಗ್ಗೆ ಅಲ್ಲ. "ಈ ಮಾತು ಏಕೆ ಸರಿಯಲ್ಲ ಎಂದರೆ" ಎನ್ನಬಹುದು. "ನಿನಗೆ ಬುದ್ಧಿ ಇಲ್ಲ" ಎನ್ನಬಾರದು.

ಮುಖ್ಯವಾದ ಇನ್ನೊಂದು ಎಚ್ಚರಿಕೆ: ತರಗತಿಯ ಚೀಟಿಯಲ್ಲಿ ನಿಮ್ಮ ಹೆಸರು ಬರೆಯಬಹುದು. ಅಂತರಜಾಲದಲ್ಲಿ ಮಾತ್ರ ಪೂರ್ಣ ಹೆಸರು, ಮನೆಯ ವಿಳಾಸ, ಫೋನ್ ಸಂಖ್ಯೆ ಬರೆಯಬೇಡಿ. ಗುರುಗಳ ಅಥವಾ ಮನೆಯ ಹಿರಿಯರ ಜೊತೆಗೇ ಕುಳಿತು ಈ ಕೆಲಸ ಮಾಡಿ.

ಮಾಡಿ ನೋಡಿ

ಇದಕ್ಕೆ ಕಂಪ್ಯೂಟರ್ ಬೇಕಿಲ್ಲ, ಅಂತರಜಾಲವೂ ಬೇಕಿಲ್ಲ. ಬೇಕಾಗುವುದು: ವಿಜ್ಞಾನ ಪಾಠದ ಒಂದು ಪುಟ, ಚಿಕ್ಕ ಚೀಟಿಗಳು, ಒಂದು ರಟ್ಟಿನ ಡಬ್ಬಿ.

ನಾಲ್ಕು ಗುಂಪುಗಳಾಗಿ. ಪ್ರತಿ ಗುಂಪೂ ಅದೇ ಪುಟವನ್ನು ಓದಲಿ. ಪುಸ್ತಕದ ಮೇಲೆ ಏನೂ ಬರೆಯಬೇಡಿ. ಅರ್ಥವಾಗದ ಅಥವಾ ಅನುಮಾನ ಬಂದ ಕಡೆಗೆ ಒಂದು ಚೀಟಿ ಬರೆಯಿರಿ. ಚೀಟಿಯ ಮೇಲೆ ಗುರುತು ಮಾಡಿದ ಪದ, ಅದರ ಹಿಂದಿನ ಎರಡು ಪದ, ಮುಂದಿನ ಎರಡು ಪದ, ದಿನಾಂಕ ಇರಲಿ. ಸಾಲಿನ ಸಂಖ್ಯೆ ಬರೆಯಬೇಡಿ. ಕೆಳಗೆ ನಿಮ್ಮ ಪ್ರಶ್ನೆ ಅಥವಾ ಮಾತು. ಚೀಟಿಗಳನ್ನು ಡಬ್ಬಿಗೆ ಹಾಕಿ.

ಈಗ ಒಂದು ಗುಂಪಿನ ಚೀಟಿಗಳನ್ನು ಇನ್ನೊಂದು ಗುಂಪು ತೆಗೆದುಕೊಳ್ಳಲಿ. ಚೀಟಿಯಲ್ಲಿನ ಪದಗಳನ್ನು ಮಾತ್ರ ನೋಡಿ ಪುಟದಲ್ಲಿ ಜಾಗ ಹುಡುಕಿ. ಎಷ್ಟು ಚೀಟಿಗಳು ಸರಿಯಾದ ಜಾಗ ತಲುಪಿದವು? ಎಷ್ಟು ತಬ್ಬಲಿಯಾದವು? ಹಿಂದೆ ಮುಂದೆ ಪದ ಬರೆಯದ ಚೀಟಿಗೆ ಏನಾಯಿತು? ನೀವೇ ಈಗ ಯಂತ್ರದ ಕೆಲಸ ಮಾಡಿದ್ದೀರಿ.

ಕೊನೆಗೆ ಹತ್ತು ನಿಮಿಷ ಉತ್ತರಗಳನ್ನು ಬರೆಯಿರಿ. ಯಾವ ವಾಕ್ಯಕ್ಕೆ ಹೆಚ್ಚು ಚೀಟಿ ಬಂದಿದೆ ಎಂದು ಎಣಿಸಿ ಗುರುಗಳಿಗೆ ತೋರಿಸಿ. ಚೀಟಿಗಳನ್ನು ಎಸೆಯಬೇಡಿ. ಡಬ್ಬಿಯನ್ನು ಮುಂದಿನ ವರ್ಷದ ತರಗತಿಗೆ ಕೊಡಿ.

ಮತ್ತೆ ಹರಪನಹಳ್ಳಿಯ ಪುಟಕ್ಕೆ

ಆ ಮೂರು ಉತ್ತರಗಳಲ್ಲಿ ಯಾವುದು ಸರಿ? ಆಶ್ಚರ್ಯವೆಂದರೆ ಮೂರೂ ಒಂದೊಂದು ಕಾಲಕ್ಕೆ ಸರಿ. 1997ರಲ್ಲಿ ದಾವಣಗೆರೆ ಜಿಲ್ಲೆ ಆದಾಗ ಬಳ್ಳಾರಿ ಜಿಲ್ಲೆಯಲ್ಲಿದ್ದ ಹರಪನಹಳ್ಳಿಯನ್ನು ಅದಕ್ಕೆ ಸೇರಿಸಿದರು. ಪುಸ್ತಕ ಅಚ್ಚಾದಾಗ ಅದರ ವಾಕ್ಯ ನಿಜವಾಗಿತ್ತು. 2018ರಲ್ಲಿ ಹರಪನಹಳ್ಳಿ ಮತ್ತೆ ಬಳ್ಳಾರಿಗೆ ಸೇರಿತು. ನೀಲಿ ಶಾಯಿಯವರೂ ಸುಳ್ಳು ಬರೆಯಲಿಲ್ಲ. 2021ರಲ್ಲಿ ವಿಜಯನಗರ ಎಂಬ ಹೊಸ ಜಿಲ್ಲೆಯಾದಾಗ ಹರಪನಹಳ್ಳಿ ಅದಕ್ಕೆ ಹೋಯಿತು. ನಾಳೆ ಪರೀಕ್ಷೆಯಲ್ಲಿ ನೀವು ಬರೆಯಬೇಕಾದ ಉತ್ತರ ವಿಜಯನಗರ.

ಮೂವರೂ ಪ್ರಾಮಾಣಿಕರೇ. ಆದರೂ ಪುಟ ಗೊಂದಲವಾಯಿತು. ಕಾರಣ, ಇಬ್ಬರೂ ತಮಗಿಂತ ಮೊದಲು ಬರೆದವರ ಮಾತನ್ನು ಹೊಡೆದುಹಾಕಿದರು, ತಾವು ಬರೆದ ವರ್ಷವನ್ನು ಹಾಕಲಿಲ್ಲ. ಅದರ ಬದಲು ಒಬ್ಬರು ಪಕ್ಕದಲ್ಲಿ "2018ರಿಂದ ಬಳ್ಳಾರಿ ಜಿಲ್ಲೆ" ಎಂದೂ, ಇನ್ನೊಬ್ಬರು ಅದರ ಕೆಳಗೆ "2021ರಿಂದ ವಿಜಯನಗರ ಜಿಲ್ಲೆ" ಎಂದೂ ಬರೆದಿದ್ದರೆ? ಅದೇ ಪುಟ ಒಂದು ತಾಲ್ಲೂಕಿನ ಚರಿತ್ರೆಯನ್ನು ಹೇಳುತ್ತಿತ್ತು. ಓದಿದ ನಿಮಗೆ ಗೊಂದಲವಾಗುವ ಬದಲು ಮೂರು ಹೊಸ ವಿಷಯ ತಿಳಿಯುತ್ತಿತ್ತು.

ಇಂದು ಸಂಜೆ ನಿಮ್ಮ ಪುಸ್ತಕ ತೆರೆದಾಗ ಒಂದು ಚೀಟಿ ಜೊತೆಗಿಟ್ಟುಕೊಳ್ಳಿ. ಅನುಮಾನ ಬಂದ ಕಡೆ ಬರೆದಿಡಿ, ದಿನಾಂಕ ಹಾಕಿ. ನಾಳೆ ಅದನ್ನು ಪಕ್ಕದವರಿಗೆ ತೋರಿಸಿ.

ಯೋಚಿಸಿ:

1. ನಿಮ್ಮ ಊರಿನ ಬಗ್ಗೆ ಹಳೆಯ ಪುಸ್ತಕದಲ್ಲಿರುವ ಯಾವ ಮಾತು ಇಂದು ಬದಲಾಗಿದೆ? ಅದಕ್ಕೆ ಟಿಪ್ಪಣಿ ಹೇಗೆ ಬರೆಯುತ್ತೀರಿ?

2. ಶಾಸನದ ಪಡಿಯಚ್ಚಿಗೂ ಜಾಲಪುಟದ ಮೇಲಿನ ಪಾರದರ್ಶಕ ಹಾಳೆಗೂ ಇರುವ ಹೋಲಿಕೆ ಏನು?

3. ನಿಮ್ಮ ಮನೆಯವರ ಕೆಲಸದಲ್ಲಿ ಪಾಠಕ್ಕೆ ಸೇರಿಸಬಹುದಾದ ಯಾವ ವಿಜ್ಞಾನದ ಸಂಗತಿ ಇದೆ? ಕೇಳಿ ತಿಳಿದು ಬರೆಯಿರಿ.